ಎರಡು ಚಿತ್ರಗಳ ನಡುವೆ ಒಂದು ಹಿಡಿ ಮೀನು

೩ ನವೆಂಬರ್ ೧೯೮೬, ಸೋಮವಾರ

ಕುಮಟೆಯಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಊರಿಗೆ ಊರೇ ನನ್ನ ಬಗ್ಗೆ ಮರುಕಪಟ್ಟಿತ್ತು. ಇನ್ನು ಆ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಇವತ್ತಿನಿಂದ ನಾನು ಹೊನ್ನಾವರದ ಹತ್ತಿರದ ಕಾಸರಕೋಡದ ಮೀನು ಸಂಘದಲ್ಲಿ ‘ವಿಡಿಯೋ ಯಂತ್ರ ನಿರ್ವಾಹಕ’. ಜಿಲ್ಲೆಯಲ್ಲೇ ಈ ಹುದ್ದೆ ನನ್ನೊಬ್ಬನದೇ ಇರಬೇಕು. ನಾತ ಮಾತ್ರ ಎಲ್ಲರದೂ. ಕುರ್ಚಿಗೆ, ಮೇಜಿಗೆ, ಕಡೆಗೆ ನನ್ನ ನೇಮಕದ ಕಾಗದಕ್ಕೂ ಮೀನಿನ ನಾತ.

ಯಂತ್ರ ಯಾಕೆ ಬಂತು ಎಂದರೆ, ಇಲ್ಲಿ ತೂಗಿ ಲಾರಿಗೆ ಹಾಕಿದ ಮೀನು ಮಂಗಳೂರಿನ ವ್ಯಾಪಾರಿಯನ್ನು ಮುಟ್ಟುವಾಗ ತೂಕ ಕಡಿಮೆ ಬರುತ್ತಿದೆ. ಅಧ್ಯಕ್ಷ ತಿಮ್ಮಪ್ಪಣ್ಣ ಈ ವಿಷಯವನ್ನು ಭೂಕಂಪದ ಸುದ್ದಿ ಹೇಳುವಂತೆ ಹೇಳಿದರು. ಇವರು ಮೀನನ್ನು ಐಸಿನ ಸಮೇತ ತೂಗುತ್ತಾರೆ. ನಾನು ಮೊದಲ ದಿನವೇ ಬುದ್ಧಿವಂತಿಕೆ ತೋರಿಸಲು ಹೋಗಿ, “ದಾರಿಯಲ್ಲಿ ಐಸು ಕರಗಿದ್ರೆ ತೂಕ ಇಳೀತದಲ್ಲ?” ಎಂದೆ.

“ಐಸಿಗೆ ಕೈಕಾಲು ಅದ್ಯಾ ನಾಯ್ಕ್ರೆ? ಕದಿಯೂಕೆ ಕೈ ಬೇಕು. ಕೈ ಯಾರ್ದು ಅಂತ ನೋಡೂಕೇ ನಿಮ್ಮನ್ನ ತಕಂಡದ್ದು.”

ಆತು. ಸಂಬಳ ಕೊಡುವವರು ಐಸು ಕರಗುವುದಿಲ್ಲ ಎಂದರೆ ಕರಗುವುದಿಲ್ಲ.

ಯಂತ್ರವನ್ನು ಭಟ್ಕಳದ ಒಬ್ಬ ಸಾಹೇಬರ ಮಗ ದುಬೈಯಿಂದ ತಂದುಕೊಟ್ಟನಂತೆ. ಕಂಬದ ಮೇಲೆ ಕ್ಯಾಮೆರಾ. ಅದರ ನೋಟ ಶೆಡ್ಡಿನ ಮುಂದಿನ ಮರಳಿನ ಮೇಲೆ, ದೋಣಿಯಿಂದ ಇಳಿಸಿದ ಮೀನಿನ ಪೆಟ್ಟಿಗೆಗಳನ್ನು ತೂಕಕ್ಕೆ ಎತ್ತುವ ಮೊದಲು ಸಾಲಾಗಿ ಇಡುವ ಜಾಗದ ಮೇಲೆ. ಒಳಗೆ ನನ್ನ ಕೋಣೆಯಲ್ಲಿ ಒಂದು ಕಪ್ಪುಬಿಳುಪು ಟೀವಿ, ಮತ್ತು ಕ್ಯಾಸೆಟ್ಟು ಹಾಕುವ ಜಪಾನಿ ರೆಕಾರ್ಡರು. ಸಿನಿಮಾ ಓಡುವ ವೇಗದಲ್ಲಿ ಚಿತ್ರ ತೆಗೆದರೆ ಕ್ಯಾಸೆಟ್ಟು ಮೂರು ಗಂಟೆಗೆ ಮುಗಿಯುತ್ತದೆ. ಗುಂಡಿ ತಿರುಗಿಸುತ್ತ ಹೋದರೆ ಅದೇ ಕ್ಯಾಸೆಟ್ಟು ಒಂದು ದಿನ ಬರುತ್ತದೆ, ಮೂರು ದಿನ ಬರುತ್ತದೆ, ಕೊನೆಯ ಮನೆಗೆ ತಿರುಗಿಸಿದರೆ ಇಪ್ಪತ್ತು ದಿನ ಬರುತ್ತದೆ. ಜಪಾನಿನವರು ಪುಕ್ಕಟೆ ಏನೂ ಕೊಡುವುದಿಲ್ಲ. ಕ್ಯಾಸೆಟ್ಟು ಹಿಗ್ಗಿದಷ್ಟೂ ಚಿತ್ರ ಕುಗ್ಗುತ್ತದೆ. ಕೊನೆಯ ಮನೆಯಲ್ಲಿ ಮೂರು ಸೆಕೆಂಡಿಗೂ ಸ್ವಲ್ಪ ಹೆಚ್ಚಿಗೆ ಒಂದು ಚಿತ್ರ ಮಾತ್ರ. ನಡುವೆ ಏನಾದರೂ ಅದು ದೇವರಿಗೇ ಗೊತ್ತು.

ಇದನ್ನೆಲ್ಲ ವಿವರಿಸಿ, “ದಿನಕ್ಕೊಂದು ಕ್ಯಾಸೆಟ್ಟಿನ ಲೆಕ್ಕಕ್ಕೆ ಇಡುವಾ” ಎಂದೆ.

“ಇಪ್ಪತ್ತು ದಿನದ್ದು ಇರುವಾಗ ಒಂದು ದಿನದ್ದು ಎಂತಕ್ಕೆ? ಗುಂಡಿ ಕಡೇಗೆ ತಿರ್ಗ್ಸಿ” ಎಂದರು ಅಧ್ಯಕ್ಷರು. ಕೊಂಡದ್ದು ಎರಡೇ ಕ್ಯಾಸೆಟ್ಟು. ಯಂತ್ರಕ್ಕೆ ದುಡ್ಡು ಸುರಿದವರು ಕ್ಯಾಸೆಟ್ಟಿಗೆ ಬಂದಾಗ ಮುಷ್ಟಿ ಬಿಗಿ ಹಿಡಿದರು. ಮೂಗಿಗಿಂತ ಮೂಗುತಿ ಭಾರವಾದ ಮೇಲೆ ಹೀಗೇ ಆಗುವುದು.

೪ ನವೆಂಬರ್, ಮಂಗಳವಾರ

ಚಿತ್ರ ತೆಗೆಯುತ್ತಾರೆ ಎಂಬ ಸುದ್ದಿ ಹಬ್ಬಿ ಇವತ್ತು ಮೀನು ಆರಿಸುವ ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಹೂ ಮುಡಿದು ಬಂದಿದ್ದರು. ಕಳ್ಳರನ್ನು ಹಿಡಿಯಲು ಇಟ್ಟ ಯಂತ್ರದ ಮುಂದೆ ಇಷ್ಟು ಸಿಂಗಾರ ಮಾಡಿಕೊಂಡು ನಿಂತ ಜನ ಬೇರೆಲ್ಲಿಯೂ ಇರಲಾರರು. ಕಾವಲುಗಾರ ಶುಕ್ರ, ವಯಸ್ಸಾದ ಮನುಷ್ಯ, ನನ್ನ ಕೋಣೆಗೆ ಬಂದು, “ಇದ್ರಲ್ಲಿ ಸಿನೆಮಾ ಬರೂದಿಲ್ವಾ?” ಎಂದು ಕೇಳಿದ. ಇಲ್ಲ ಎಂದೆ. “ಮತ್ತೆಂತಕ್ಕೆ ತಂದದ್ದು?” ಎಂದು ನಿಜವಾಗಿ ಬೇಸರಪಟ್ಟು ಹೋದ.

ದುರ್ಗಿ ಎಂಬ ಹೆಂಗಸೊಬ್ಬಳು ಮಾತ್ರ ದಿನದ ಸೀರೆಯಲ್ಲೇ ಇದ್ದಳು. ಶೆಡ್ಡಿನಲ್ಲಿ ಐಸು ಒಡೆದು ಪೆಟ್ಟಿಗೆಗೆ ತುಂಬುವವಳು. ಗಂಡ ಸಮುದ್ರಕ್ಕೆ ಹೋದವನು ಬರಲಿಲ್ಲವಂತೆ. ಬೇರೆಯವರು ಒಡೆದ ಐಸು ಜಲ್ಲಿಕಲ್ಲಿನ ಹಾಗಿದ್ದರೆ ಇವಳದು ಹರಳುಪ್ಪಿನ ಹಾಗೆ. ನಾಲಿಗೆ ಮಾತ್ರ ಜಲ್ಲಿಯೇ. ಕಂಬದ ಕೆಳಗೆ ನಿಂತು ಮೇಲೆ ನೋಡಿ ಕೇಳಿದಳು:

“ಇದು ಯಾವಾಗ್ಲೂ ಕಣ್ಣು ಬಿಟ್ಕಂಡೇ ಇರ್ತದ್ರಾ?”

“ಮೂರು ಸೆಕೆಂಡಿಗೆ ಒಂದ್ಸಲ ಬಿಡ್ತದೆ. ಮತ್ತೆ ಮುಚ್ತದೆ.”

“ಹಾಂಗಾರೆ ನಿದ್ದೆನೇ ಹೆಚ್ಚು ಅಂದ್ರಿ. ನೌಕರಿ ಸರಕಾರದ್ದಾ ಅದ್ಕೆ?”

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಂತ್ರಜ್ಞಾನ ಇಲ್ಲದವರ ಹತ್ತಿರ ಮಾತಾಡುವುದೇ ತಪ್ಪು.

೯ ನವೆಂಬರ್, ಭಾನುವಾರ. ಕುಮಟಾ

ಮನೆಗೆ ಬಂದೆ. ಹೊನ್ನಾವರದ ಬಾಡಿಗೆ ಕೋಣೆಯಿಂದ ಒಂದು ದಿನದ ಬಿಡುಗಡೆ. ಅಂಗಿಯನ್ನು ಎರಡು ಸಲ ಒಗೆಸಿದೆ, ನಾತ ಹೋಗಲಿಲ್ಲ. ನನ್ನ ಹೆಂಡತಿ ಹೊನ್ನಮ್ಮ ತೆಂಗಿನಗುಂಡಿಯವಳು, ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವಳು. “ನಂಗೆ ಎಂತ ನಾತನೂ ಬರ್ತಿಲ್ಲ” ಎಂದಳು. ಆ ಊರಿನವರ ಮೂಗಿನಿಂದ ಮತ್ತೇನು ನಿರೀಕ್ಷಿಸುವುದು?

೧೪ ನವೆಂಬರ್, ಶುಕ್ರವಾರ

ಯಂತ್ರ ಹಗಲಿಡೀ ಮರಳಿನ ಚಿತ್ರ ತೆಗೆಯುತ್ತದೆ. ಸೂರ್ಯ ಮುಳುಗಿದ ಮೇಲೆ ಅಷ್ಟೇ ಶ್ರದ್ಧೆಯಿಂದ ಕತ್ತಲೆಯ ಚಿತ್ರ ತೆಗೆಯುತ್ತದೆ. ಕರೆಂಟು ಹೋದರೆ ಐಸಿನ ಜನರೇಟರು ಇದೆ, ಹಾಗಾಗಿ ಕತ್ತಲೆಯ ಒಂದು ಚೂರೂ ತಪ್ಪಿಹೋಗುವುದಿಲ್ಲ.

೨೪ ನವೆಂಬರ್, ಸೋಮವಾರ

ಮೊದಲ ಕ್ಯಾಸೆಟ್ಟು ತುಂಬಿತು. ಬೆಳಿಗ್ಗೆಯೇ ಎರಡನೆಯದನ್ನು ಹಾಕಲು ಹೋದಾಗ ಅಧ್ಯಕ್ಷರು, “ಮೊದ್ಲು ನೋಡುವಾ” ಎಂದರು. ನೋಡುವಾಗ ತೆಗೆಯಲಾಗುವುದಿಲ್ಲ, ತೆಗೆಯುವಾಗ ನೋಡಲಾಗುವುದಿಲ್ಲ, ಯಂತ್ರ ಒಂದೇ ಎಂದು ಮತ್ತೊಮ್ಮೆ ವಿವರಿಸಿದೆ. ಕಳ್ಳರಿಗೆ ಅರ್ಧ ದಿನ ರಜೆ ಕೊಟ್ಟು ಕುಳಿತೆವು.

ಇಪ್ಪತ್ತು ದಿನ ಮೂರು ಗಂಟೆಯಲ್ಲಿ ಓಡಿತು. ಜನ ಚಿಗಟದ ಹಾಗೆ ಜಿಗಿಯುತ್ತಾರೆ. ದೋಣಿ ಇಲ್ಲ, ದೋಣಿ ಇದೆ, ದೋಣಿ ಇಲ್ಲ. ಒಬ್ಬ ಬಗ್ಗಿದವನು ಏಳುವುದನ್ನು ಯಾರೂ ನೋಡಲಿಲ್ಲ, ಆದರೆ ಎದ್ದಿದ್ದಾನೆ. ಅಧ್ಯಕ್ಷರಿಗೆ ತಲೆ ತಿರುಗಿ ಎರಡು ಸಲ ಚಹಾ ಬೇಕಾಯಿತು. ಕಡೆಗೆ ಒಂದು ಕಡೆ, “ನಿಲ್ಸಿ! ನಿಲ್ಸಿ!” ಎಂದು ಕುರ್ಚಿಯಿಂದ ಎದ್ದರು.

ಒಂದೊಂದೇ ಚಿತ್ರ ಬಿಟ್ಟು ತೋರಿಸಿದೆ. ಮೊದಲ ಚಿತ್ರದಲ್ಲಿ ದುರ್ಗಿ ಬಂಗಡೆಯ ಪೆಟ್ಟಿಗೆಯ ಪಕ್ಕ ನಿಂತಿದ್ದಾಳೆ. ಸೊಂಟದ ಬುಟ್ಟಿ ಖಾಲಿ. ದೋಣಿಯ ಯಜಮಾನ ಜಟ್ಟ ಅವಳಿಗೆ ಬೆನ್ನು ಹಾಕಿ ಸಮುದ್ರ ನೋಡುತ್ತಿದ್ದಾನೆ. ಮುಂದಿನ ಚಿತ್ರದಲ್ಲಿ ಅದೇ ಪೆಟ್ಟಿಗೆ, ಅದೇ ದುರ್ಗಿ, ಬುಟ್ಟಿಯಲ್ಲಿ ಮೀನು. ಜಟ್ಟ ಇನ್ನೂ ಸಮುದ್ರವನ್ನೇ ನೋಡುತ್ತಿದ್ದಾನೆ.

“ಸಿಕ್ತು” ಎಂದರು ಅಧ್ಯಕ್ಷರು. ಹೆಣ್ಣು ನೋಡಲು ಹೋದವರು ಒಪ್ಪಿಗೆಯಾಗಿ ಬಂದಂಥ ಮುಖ. ಆ ಕ್ಯಾಸೆಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನಾನು ಎರಡನೆಯದನ್ನು ಹಾಕಿ ಯಂತ್ರ ಶುರು ಮಾಡಿದೆ. ಒಪ್ಪಿಕೊಳ್ಳಬೇಕು, ನನಗೂ ಖುಷಿಯಾಯಿತು. ಯಂತ್ರ ಕೆಲಸ ಮಾಡಿತು ಎಂದರೆ ನಾನು ಕೆಲಸ ಮಾಡಿದೆ ಎಂದೇ ಅರ್ಥ.

೨೫ ನವೆಂಬರ್, ಮಂಗಳವಾರ

ದುರ್ಗಿಯನ್ನು ಆಫೀಸಿಗೆ ಕರೆಸಿ ಚಿತ್ರ ತೋರಿಸಿದರು. ಅವಳು ಮೊದಲು ತನ್ನನ್ನು ತಾನು ಟೀವಿಯಲ್ಲಿ ನೋಡಿ, “ಅಯ್ಯೋ ದೇವ್ರೆ, ಎಷ್ಟು ಬಡ್ಕಲಾಗಿದ್ದೆ” ಎಂದಳು.

“ಆ ಮೀನು ಬುಟ್ಟಿಗೆ ಹೆಂಗೆ ಬಂತು?” ಎಂದರು ಅಧ್ಯಕ್ಷರು.

“ಬಂತು.”

“ತಾನಾಗೇ ಹಾರಿ ಬಂತಾ?”

“ಹೆಂಗೆ ಬಂತು ಅಂತ ನಿಮ್ಮ ಡಬ್ಬಿಗೇ ಕಾಣ್ಲಿಲ್ಲ ಅಂದ್ರೆ ನಾ ಎಂತ ಹೇಳ್ಲಿ?”

“ಯಾರಾದ್ರೂ ಕೊಟ್ಟದ್ದಾ? ಕೊಟ್ಟೋರ ಹೆಸ್ರು ಹೇಳು, ಬಿಡ್ತೆ.”

ಅವಳು ಅಧ್ಯಕ್ಷರ ಮುಖವನ್ನೇ ನೋಡಿದಳು. ಕಡೆಗೆ ಅಧ್ಯಕ್ಷರೇ ಕಿಟಕಿಯ ಕಡೆ ತಿರುಗಿದರು. “ಕೇಳ್ಬಾರ್ದು ಅಂತ ನಿಮ್ಗೂ ಗೊತ್ತದೆ ತಿಮ್ಮಪ್ಪಣ್ಣ” ಎಂದಷ್ಟೇ ಹೇಳಿ ಹೋದಳು.

ಕಳ್ಳರ ಧೈರ್ಯವೇ ಧೈರ್ಯ! ‘ಚಿತ್ರಗಳು ಯಥಾರ್ಥ, ಯಂತ್ರ ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಡಲು ಹೇಳಿದರು. ಬರೆದು ಸಹಿ ಹಾಕಿದೆ. ಡಿಸೆಂಬರ್ ಹದಿನೈದಕ್ಕೆ ಸಮಿತಿಯ ಸಭೆ. ಅಲ್ಲಿಯವರೆಗೆ ಅವಳಿಗೆ ಕೆಲಸವಿಲ್ಲ. ಸಭೆ ಕಳ್ಳಿ ಎಂದು ತೀರ್ಮಾನಿಸಿದರೆ ಈ ಶೆಡ್ಡು ಮಾತ್ರವಲ್ಲ, ಕಾಸರಕೋಡದ ಯಾವ ದೋಣಿಯವರೂ ಅವಳಿಗೆ ಮೀನು ಮುಟ್ಟಲು ಬಿಡುವುದಿಲ್ಲ ಎಂದು ಶುಕ್ರ ಹೇಳಿದ. ನನಗೇಕೆ ಹೇಳಿದ ಎಂದು ತಿಳಿಯಲಿಲ್ಲ. ನಾನು ಯಂತ್ರದವನು.

೨೭ ನವೆಂಬರ್, ಗುರುವಾರ

ದುರ್ಗಿ ಬಂದು ಕಂಬದ ಎದುರು ಮರಳಿನ ಮೇಲೆ ಕುಳಿತಿದ್ದಾಳೆ. ಬೆಳಿಗ್ಗೆ ಬಂದು ಕೂರುತ್ತಾಳೆ, ಸಂಜೆ ಎದ್ದು ಹೋಗುತ್ತಾಳೆ. ಎಬ್ಬಿಸಲು ಹೋದ ಶುಕ್ರನಿಗೆ, “ಕೆಲ್ಸ ಬೇಡ ಅಂದ್ರು, ಕೂರ್ಬೇಡ ಅನ್ಲಿಲ್ಲ” ಎಂದಳಂತೆ. ಟೀವಿ ಹಚ್ಚಿದರೆ ಅವಳು ಕ್ಯಾಮೆರಾವನ್ನು, ಅಂದರೆ ನನ್ನನ್ನು, ನೋಡುತ್ತ ಕುಳಿತಿರುವುದು ಕಾಣುತ್ತದೆ. ಟೀವಿ ಆರಿಸಿದೆ.

ಈಗ ಐಸು ಒಡೆಯುವವರು ಬೇರೆ. ಜಲ್ಲಿ ಜಲ್ಲಿಯಾಗಿ ಒಡೆಯುತ್ತಾರೆ. ತಾರ್ಲೆ ಮೀನಿನ ಹೊಟ್ಟೆ ಒಡೆದು ಒಂದು ಪೆಟ್ಟಿಗೆ ಹಾಳಾಯಿತು.

೬ ಡಿಸೆಂಬರ್, ಶನಿವಾರ

ಮೈಯೆಲ್ಲ ನೋವು. ಮಧ್ಯಾಹ್ನ ಜಟ್ಟನ ದೋಣಿ ದಡಕ್ಕೆ ಬಂದಾಗ ಎಳೆಯಲು ಜನ ಸಾಲದೆ, “ಓ ವಿಡಿಯೋ ನಾಯ್ಕ್ರೆ, ಕುಂತು ಕುಂತು ಬೇರು ಬಿಟ್ಟೀರಿ, ಬನ್ನಿ” ಎಂದು ಕೂಗಿದರು. ಮರ್ಯಾದೆಗೆ ಹೋದೆ. ಹಗ್ಗ ಹಿಡಿದು ಎಳೆದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ದೋಣಿ ಮೇಲೆ ಬಂದಾಗ ಎಲ್ಲರೂ ‘ಹೋ’ ಎಂದರು, ನಾನೂ ಅಂದೆನಂತೆ. ನನಗೆ ನೆನಪಿಲ್ಲ.

ಆಮೇಲೆ ಪೆಟ್ಟಿಗೆಗಳ ಹತ್ತಿರ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ಜಟ್ಟ ಪಕ್ಕದಲ್ಲೇ ಸಮುದ್ರ ನೋಡುತ್ತ ನಿಂತಿದ್ದ. ಏನೋ ತಣ್ಣಗೆ ಅಂಗೈಗೆ ತಾಗಿತು. ನೋಡಿದರೆ ನಾಲ್ಕು ಬಂಗಡೆ. ಬೆನ್ನ ಹಿಂದಿನ ಕೈಯಿಂದ ತುರುಕಿದ್ದಾನೆ, ಮುಖ ಇನ್ನೂ ಸಮುದ್ರದ ಕಡೆಗೇ. “ಇದೆಂತ ಜಟ್ಟಣ್ಣ?” ಎನ್ನುವಷ್ಟರಲ್ಲಿ ನಡೆದೇಬಿಟ್ಟ. ಇದೆಂಥ ಕೊಡುವ ರೀತಿ? ಲಂಚ ಕೊಡುವವರೂ ಮುಖ ನೋಡಿ ನಗುತ್ತಾರೆ.

ಹೇಗೂ ಶನಿವಾರ. ಮೀನು ಕುಮಟೆಯ ಬಸ್ಸು ಹತ್ತಿತು.

೭ ಡಿಸೆಂಬರ್, ಭಾನುವಾರ. ಕುಮಟಾ

“ಎಷ್ಟು ಕೊಟ್ರಿ?” ಎಂದು ಕೇಳಿದಳು ಹೊನ್ನಮ್ಮ. ನಾನು ದುಡ್ಡು ಕೊಟ್ಟು ಮೀನು ತರುವವನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ನಡೆದದ್ದನ್ನು ಹೇಳಲು ಹೊರಟೆ. ಜಟ್ಟ ಎನ್ನುವಷ್ಟರಲ್ಲಿ ಒದ್ದೆ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

“ಹೆಸ್ರು ಎತ್ಬೇಡಿ ಮಾರಾಯ್ರೆ! ತೂಕಕ್ಕೆ ಎತ್ತೂಕಿಂತ ಮುಂಚೆ ಒಂದು ಹಿಡಿ, ಯಾರ ಮನೇಲಿ ಸಮುದ್ರಕ್ಕೆ ಹೋಗೋರಿಲ್ವೋ ಅವ್ರಿಗೆ. ಕೊಟ್ಟೋರು ಮುಖ ನೋಡೂಕಿಲ್ಲ, ತಕಂಡೋರು ಹೆಸ್ರು ಹೇಳೂಕಿಲ್ಲ. ಕೊಟ್ಟ ಹಿಡಿ ಬಾಯಿಗೆ ಬಂದ್ರೆ ಬಲೆ ತೂತು ಬೀಳ್ತದೆ. ನಿಮ್ಗೆ ಅಷ್ಟೂ ಗೊತ್ತಿಲ್ವಾ?”

ನಾನು ಗದ್ದೆ ಕಡೆಯವನು, ನನಗೆ ಹೇಗೆ ಗೊತ್ತಿರಬೇಕು? ಮೂಢನಂಬಿಕೆ ಎಂದೆ. “ಹೌದು, ಮೂಢನಂಬ್ಕೆ. ಉಪ್ಪು ಖಾರ ಹಾಕಿ ಹುರ್ದಿದ್ದೆ, ತಿನ್ನಿ” ಎಂದಳು. ತಿಂದೆ. ಚೆನ್ನಾಗಿತ್ತು. ಬಟ್ಟೆ ಒಗೆಯುವಾಗ ಅಂಗಿಗೆ ಮೀನಿನ ವಾಸನೆ ಎಂದು ಈ ಸಲ ಅವಳೇ ಗೊಣಗಿದಳು. ನನಗೇನೂ ಬರಲಿಲ್ಲ. ಅವಳ ಮೂಗು ಕೆಟ್ಟಿರಬೇಕು.

೮ ಡಿಸೆಂಬರ್, ಸೋಮವಾರ

ಇವತ್ತು ಊಟದ ಹೊತ್ತಿನಲ್ಲಿ, ಮರಳಿನ ಮೇಲೆ ದುರ್ಗಿಯೊಬ್ಬಳನ್ನು ಬಿಟ್ಟು ಯಾರೂ ಇಲ್ಲದಾಗ, ಯಂತ್ರ ನಿಲ್ಲಿಸಿ ಎರಡನೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದೆ. ಹಗ್ಗ ಎಳೆಯುವಾಗ ನಾನು ಹೇಗೆ ಕಾಣುತ್ತೇನೆ ಎಂದು ನೋಡುವ ಚಪಲ, ಮತ್ತೇನಲ್ಲ.

ಕಂಡೆ. ಒಂದು ಚಿತ್ರದಲ್ಲಿ ನಾನು ಮೀನಿನ ಪೆಟ್ಟಿಗೆಯ ಪಕ್ಕ ಕೈ ಬೀಸಿಕೊಂಡು ನಿಂತಿದ್ದೇನೆ. ಕೈ ಖಾಲಿ. ಜಟ್ಟ ಸಮುದ್ರ ನೋಡುತ್ತಿದ್ದಾನೆ. ಮುಂದಿನ ಚಿತ್ರದಲ್ಲಿ ನನ್ನ ಕೈಯಲ್ಲಿ ನಾಲ್ಕು ಬಂಗಡೆ, ಬಾಯಿ ತೆರೆದಿದೆ, ಸಿಕ್ಕಿಬಿದ್ದ ಕಳ್ಳನ ಮುಖ ಎಂದರೆ ಸಾಕ್ಷಾತ್ ಅದೇ. ಜಟ್ಟ ಅಲ್ಲಿಂದಲೇ ಹೊರಟಿದ್ದಾನೆ.

ನಾನೇ ನ್ಯಾಯಾಧೀಶನಾಗಿದ್ದರೆ ನನಗೆ ಮೂರು ತಿಂಗಳು ಹಾಕುತ್ತಿದ್ದೆ.

ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ಜಟ್ಟನ ಕೈ ಹಿಂದಕ್ಕೆ ಬಂದದ್ದು ಎರಡು ಚಿತ್ರಗಳ ನಡುವೆ ಬಿದ್ದುಹೋಗಿದೆ. ಯಂತ್ರ ಸುಳ್ಳು ಹೇಳಿಲ್ಲ. ಸುಸ್ಥಿತಿಯಲ್ಲಿದೆ. ನಾನೇ ಬರೆದುಕೊಟ್ಟಿದ್ದೇನಲ್ಲ, ಥೂ ನನ್ನ ಸಹಿಗೆ ಬೆಂಕಿ ಹಾಕ.

ಟೀವಿ ಆರಿಸುವ ಮೊದಲು ಹೊರಗಿನ ಚಿತ್ರ ಬಂತು. ದುರ್ಗಕ್ಕ ಅಲ್ಲೇ ಕುಳಿತು ಬುತ್ತಿ ಉಣ್ಣುತ್ತಿದ್ದಳು.

೯ ಡಿಸೆಂಬರ್, ಮಂಗಳವಾರ

ಜಟ್ಟ ಬಲೆ ಹೆಣೆಯುತ್ತ ಕುಳಿತಿದ್ದ. ಹೋಗಿ ಪಕ್ಕ ಕುಳಿತೆ.

“ಜಟ್ಟಣ್ಣ, ಸಭೇಲಿ ಒಂದು ಮಾತು ಹೇಳು. ಒಂದೇ ಮಾತು. ದುರ್ಗಕ್ಕನ ಕೆಲಸ ಉಳೀತದೆ.”

“ಯಾವ ಮಾತು?”

“ನೀ ಕೊಟ್ಟದ್ದು ಅಂತ.”

“ನಾ ಎಂತ ಕೊಟ್ಟೆ?”

“ನಂಗೂ ಕೊಟ್ಟೆಯಲ್ಲ ಮಾರಾಯಾ! ಶನಿವಾರ!”

ಅವನು ದಾರವನ್ನು ಹಲ್ಲಿನಿಂದ ಕಡಿದು ನನ್ನ ಮುಖ ನೋಡಿದ. ಕೊಡುವಾಗ ನೋಡದ ಮುಖವನ್ನು ಆಗ ನೋಡಿದ. “ನಾಯ್ಕ್ರೆ, ಈ ದೋಣೀಲಿ ಒಂಬತ್ತು ಜನ ಹೋಗ್ತ್ರು. ನಾ ಬಾಯಿ ಬಿಟ್ಟು, ನಾಳೆ ಏನಾರೂ ಆಯ್ತು ಅಂದ್ರೆ ಅವ್ರ ಹೆಂಡ್ರಿಗೆ ನೀವು ಹೋಗಿ ಹೇಳ್ತ್ರಾ, ಇದು ಮೂಢನಂಬ್ಕೆ ಅಂತ?”

“ಮತ್ತೆ ಅವ್ಳ ಗತಿ?”

“ಅದ್ಕೇ ನಂಗೆ ನಿದ್ದೆ ಇಲ್ಲ” ಎಂದ. ಮತ್ತೆ ಬಲೆಗೆ ಬಗ್ಗಿದ.

ಇವರ ಹಟಕ್ಕೆ ಏನೆನ್ನಬೇಕು? ಕೊಟ್ಟವನು ಹೇಳುವುದಿಲ್ಲ, ತೆಗೆದುಕೊಂಡವಳು ಹೇಳುವುದಿಲ್ಲ, ಯಂತ್ರ ನೋಡಿಲ್ಲ. ಬಾಯಿ ಇರುವುದು ಅಧ್ಯಕ್ಷರಿಗೆ ಮಾತ್ರ. ಯಂತ್ರಕ್ಕೆ ಅಷ್ಟು ಸುರಿದ ಮೇಲೆ ಅವರಿಗೊಬ್ಬ ಕಳ್ಳ ಬೇಕೇ ಬೇಕು. ಕಳ್ಳ ಸಿಗದಿದ್ದರೆ ಯಂತ್ರ ತಂದವರನ್ನೇ ಸಮಿತಿ ಕೇಳುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇಲ್ಲಿ ನಾಲ್ಕು ಬಂಗಡೆಗೆ ಹೋಗುತ್ತಿದೆ.

ಮಧ್ಯಾಹ್ನದ ಊಟ ಸೇರಲಿಲ್ಲ. ಹೋಟೆಲಿನ ಸಾರು ಸರಿಯಿರಲಿಲ್ಲ.

೧೨ ಡಿಸೆಂಬರ್, ಶುಕ್ರವಾರ

ಮೂರು ದಿನ ಊಟದ ಹೊತ್ತಿನಲ್ಲಿ ಕದ್ದು ಕದ್ದು ಕ್ಯಾಸೆಟ್ಟು ನೋಡಿದೆ. ಸಂಘದ ಸಂಬಳದಲ್ಲಿ ಇಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದು ಇದೇ ಮೊದಲು. ಯಾರ ಯಾರ ಕೈಯಲ್ಲಿ ಮೀನು ತಾನಾಗಿ ಹುಟ್ಟುತ್ತದೆ ಎಂದು ಹುಡುಕಿದೆ. ಕಾವಲುಗಾರ ಶುಕ್ರನ ಮುಂಡಾಸಿನಲ್ಲಿ ಹುಟ್ಟಿದೆ. ಸಮಿತಿಯ ಸದಸ್ಯೆ ನಾಗಮ್ಮನ ಸೆರಗಿನಲ್ಲಿ ಹುಟ್ಟಿದೆ.

ಕ್ಯಾಸೆಟ್ಟಿನ ಶುರುವಿನಲ್ಲೇ, ನವೆಂಬರ್ ಇಪ್ಪತ್ತನಾಲ್ಕರ ಸಂಜೆ, ಅಂದರೆ ಕಳ್ಳಿಯನ್ನು ಹಿಡಿದ ಅದೇ ಶುಭದಿನ, ಅಧ್ಯಕ್ಷ ತಿಮ್ಮಪ್ಪಣ್ಣ ಪೆಟ್ಟಿಗೆಗಳ ಪಕ್ಕ ಕೊಡೆ ಹಿಡಿದು ನಿಂತಿದ್ದಾರೆ. ಮುಂದಿನ ಚಿತ್ರದಲ್ಲಿ ಕೊಡೆಯ ಜೊತೆ ಒಂದು ಇಸವಾಣ ಮೀನು ಇದೆ. ಮೊಳಕ್ಕಿಂತ ಉದ್ದ. ಪಕ್ಕದಲ್ಲಿ ಜಟ್ಟ, ಸಮುದ್ರ ನೋಡುತ್ತ.

ಶುಕ್ರನನ್ನು ಬೇರೆ ಮಾತಿನ ನಡುವೆ ಕೇಳಿದೆ. ಅಧ್ಯಕ್ಷರ ಮಗನೂ ಅಳಿಯನೂ ಮುಂಬಯಿಯಲ್ಲಿ. ಅವರ ಮನೆಯಿಂದಲೂ ಈಗ ಸಮುದ್ರಕ್ಕೆ ಹೋಗುವವರು ಯಾರೂ ಇಲ್ಲ.

ಈಗ ತೊಂದರೆ ಏನೆಂದರೆ, ಈ ಕ್ಯಾಸೆಟ್ಟು ಭಾನುವಾರ ತುಂಬುತ್ತದೆ. ತುಂಬಿದ ಕೂಡಲೇ ಯಂತ್ರ ತಾನೇ ಹಿಂದಕ್ಕೆ ಸುತ್ತಿಕೊಂಡು, ಹಳೆಯದರ ಮೇಲೆ ಹೊಸದನ್ನು ಮೊದಲಿನಿಂದ ಬರೆಯುತ್ತದೆ. ಹಾಗೆ ಇಡಲು ಹೇಳಿದ್ದು ಅಧ್ಯಕ್ಷರೇ, ಮೂರನೇ ಕ್ಯಾಸೆಟ್ಟಿನ ಖರ್ಚು ಉಳಿಸಲು. ಮೊದಲು ಅಳಿಸಿಹೋಗುವುದು ಆ ಇಸವಾಣ. ನಾನು ಏನೂ ಮಾಡಬೇಕಾಗಿಲ್ಲ. ಎಂದಿನಂತೆ ನಾಳೆ ಕುಮಟೆಯ ಬಸ್ಸು ಹತ್ತಿದರೆ ಸಾಕು. ನೌಕರಿ ಭದ್ರ. ಬಂಗಡೆಯ ವಿಷಯ ನನಗೂ ಯಂತ್ರಕ್ಕೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

೧೩ ಡಿಸೆಂಬರ್, ಶನಿವಾರ

ಬಸ್ಸು ತಪ್ಪಿತು. ಕ್ಯಾಸೆಟ್ಟು ತೆಗೆದು ಚೀಲದಲ್ಲಿಟ್ಟುಕೊಂಡೆ. ಯಂತ್ರದ ಬಾಯಿ ಖಾಲಿ.

೧೫ ಡಿಸೆಂಬರ್, ಸೋಮವಾರ

ಎಲ್ಲಿಂದ ಶುರು ಮಾಡಲಿ?

ಸಭೆ ಆಫೀಸಿನಲ್ಲಿ. ಅಧ್ಯಕ್ಷರು, ಸಮಿತಿಯವರು, ಗೋಡೆಗೆ ಒರಗಿ ಜಟ್ಟ, ಬಾಗಿಲಲ್ಲಿ ದುರ್ಗಕ್ಕ. ಕಿಟಕಿಯ ತುಂಬ ಊರು. ಕಪಾಟಿನ ಕ್ಯಾಸೆಟ್ಟು ಹಾಕಿ ದುರ್ಗಕ್ಕನ ಎರಡು ಚಿತ್ರ ತೋರಿಸಿದೆ. ಅಧ್ಯಕ್ಷರು ನನ್ನ ಸಹಿಯ ಕಾಗದ ಓದಿದರು. ‘ಚಿತ್ರಗಳು ಯಥಾರ್ಥ’ ಎನ್ನುವಾಗ ಗಂಟಲು ಏರಿಸಿದರು. ನನ್ನ ಕಿವಿ ಕಾದುಹೋಯಿತು.

“ಯಾರಿಗಾದ್ರೂ ಹೇಳೂದು ಅದ್ಯಾ?” ಎಂದು ಕೇಳಿದರು. ಜಟ್ಟ ನೆಲ ನೋಡುತ್ತಿದ್ದ. ದುರ್ಗಕ್ಕ ಯಾರನ್ನೂ ನೋಡುತ್ತಿರಲಿಲ್ಲ.

“ನಂಗೆ ಅದೆ” ಎಂದೆ. “ಇನ್ನೊಬ್ಬ ಕಳ್ಳ ಸಿಕ್ಕಿದ್ದಾನೆ.”

ಅಧ್ಯಕ್ಷರ ಮುಖ ಅರಳಿತು. ಒಂದು ಯಂತ್ರಕ್ಕೆ ಇಬ್ಬರು ಕಳ್ಳರು! ಎರಡನೇ ಕ್ಯಾಸೆಟ್ಟು ಹಾಕಿ ಮೊದಲು ನನ್ನನ್ನು ತೋರಿಸಿದೆ. ಖಾಲಿ ಕೈ. ನಾಲ್ಕು ಬಂಗಡೆ. ತೆರೆದ ಬಾಯಿ. ಕಿಟಕಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು.

“ಇದು ನೀವೇ ಅಲ್ವಾ?”

“ಹೌದು. ದುರ್ಗಕ್ಕನ್ನ ತೆಗೆದ್ರೆ ನನ್ನನ್ನೂ ತೆಗೀರಿ. ಚಿತ್ರ ಯಥಾರ್ಥ, ಯಂತ್ರ ಸುಸ್ಥಿತೀಲಿ ಅದೆ.”

“ಯಾರು ಕೊಟ್ರು ನಿಮ್ಗೆ?”

ಜಟ್ಟ ತಲೆ ಎತ್ತಿದ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಒಂಬತ್ತು ಜನ, ಅವರ ಹೆಂಡಿರು, ಹಾಳಾದ ಆ ಬಲೆ, ಎಲ್ಲ ಕಣ್ಣೆದುರು ಬಂತು. “ಯಂತ್ರದಲ್ಲಿ ಇಲ್ಲ” ಎಂದೆ.

ಆಮೇಲೆ ಶುಕ್ರನ ಮುಂಡಾಸು ತೋರಿಸಿದೆ. ನಾಗಮ್ಮನ ಸೆರಗು ಬಂದಾಗ ಆಕೆ ಟೀವಿ ನೋಡುವುದು ಬಿಟ್ಟು ತನ್ನ ಮೈಮೇಲಿನ ಸೆರಗನ್ನೇ ಮುಟ್ಟಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಇವತ್ತೇ.

“ಸಾಕು ಸಾಕು, ನಿಲ್ಸಿ” ಎಂದರು ಅಧ್ಯಕ್ಷರು.

“ಇನ್ನೊಂದೇ.”

ಕೊಡೆ ಹಿಡಿದ ತಿಮ್ಮಪ್ಪಣ್ಣ. ಮುಂದಿನ ಚಿತ್ರ, ಇಸವಾಣ ಹಿಡಿದ ತಿಮ್ಮಪ್ಪಣ್ಣ. ಟೀವಿ ಸಣ್ಣದು, ಮೀನು ದೊಡ್ಡದು.

ಕಿಟಕಿಯಲ್ಲಿ ಯಾರೂ ನಗಲಿಲ್ಲ. “ಅದು ಕೊಂಡದ್ದು” ಎಂದು ಅಧ್ಯಕ್ಷರು ಶುರು ಮಾಡಿದರು, ಅಲ್ಲಿಗೇ ನಿಂತರು. ತೂಕಕ್ಕೆ ಮೊದಲು ಮರಳಿನ ಮೇಲೆ ಮೀನು ಮಾರಬಾರದು, ಕೊಳ್ಳಬಾರದು ಎಂಬ ನಿಯಮ ಮಾಡಿದ್ದು ಅವರೇ. ಅವರ ಬೆನ್ನ ಹಿಂದಿನ ಗೋಡೆಯಲ್ಲೇ ತೂಗುತ್ತಿತ್ತು.

ಆಗ ಬಾಗಿಲಿಂದ ದುರ್ಗಕ್ಕ ಮಾತಾಡಿದಳು. ದನಿ ಏರಿಸಲಿಲ್ಲ. “ತಿಮ್ಮಪ್ಪಣ್ಣ, ನಂಗೆ ಕೇಳಿದ್ದನ್ನೇ ನಿಮ್ಗೆ ಕೇಳ್ತೆ. ಆ ಮೀನು ನಿಮ್ಮ ಕೈಗೆ ಹೆಂಗೆ ಬಂತು? ಕೊಟ್ಟೋರ ಹೆಸ್ರು ಹೇಳಿ, ಬಿಡ್ತೆ.”

ಹೇಳಲಿ ಎಂದು ಕಾದೆವು. ಹೇಳಿದರೆ ಅವರು ಕಳ್ಳರಲ್ಲ, ಹೇಳದಿದ್ದರೆ ಅವಳೂ ಕಳ್ಳಿಯಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ನಲವತ್ತು ವರ್ಷ ದೋಣಿಯಲ್ಲಿ ಹೋದವರು. ತುಟಿ ಅಲ್ಲಾಡಿತು. ಕಣ್ಣು ಒಂದು ಸಲ ಜಟ್ಟನ ಮೇಲೆ ಹೋಗಿ ಬಂತು. ಆಮೇಲೆ ಮುಖವನ್ನು ಕಿಟಕಿಯಾಚೆ, ಸಮುದ್ರದ ಕಡೆ ತಿರುಗಿಸಿದರು.

“ಹೇಳೂಕಿಲ್ಲ” ಎಂದರು.

ನನ್ನ ಸಹಿಯ ಕಾಗದವನ್ನು ಮಡಿಸಿ ಕಿಸೆಗೆ ಹಾಕಿಕೊಂಡು, ಅದೇ ಕಡೆ ಮುಖವಿಟ್ಟುಕೊಂಡೇ ಹೇಳಿದರು: “ದುರ್ಗಿ, ಹೋಗು. ಐಸ್ ಬಂದದೆ, ಒಡಿ.”

ಅವಳು ಹೋದಳು. ಜಟ್ಟ ಗೋಡೆ ಹಿಡಿದು ಕುಸಿದು ಕುಳಿತು ಅತ್ತೇಬಿಟ್ಟ. ನನ್ನ ಕಣ್ಣಿಗೆ ಏನೋ ಬಿದ್ದಿತ್ತು. ಮರಳೂರಿನಲ್ಲಿ ಮರಳು ಬೀಳದೆ ಮತ್ತೇನು ಬೀಳುತ್ತದೆ?

೧೬ ಡಿಸೆಂಬರ್, ಮಂಗಳವಾರ

ಸಭೆಯ ನಡಾವಳಿ ಬರೆದಾಯಿತು: ‘ಯಂತ್ರದ ವೇಗವು ಈ ಊರಿಗೆ ಹೊಂದಿಕೆಯಾಗದ ಕಾರಣ ಸದರಿ ಯಂತ್ರವನ್ನು ತೆಗೆಯಲು ತೀರ್ಮಾನಿಸಲಾಯಿತು.’ ಎಲ್ಲ ತಪ್ಪೂ ಜಪಾನಿನದು. ಕ್ಯಾಮೆರಾವನ್ನು ಕಂಬದಿಂದ ನಾನೇ ಇಳಿಸಿದೆ. ಕೆಳಗೆ ಏಣಿ ಹಿಡಿದು ನಿಂತ ಶುಕ್ರ, “ಈಗಾದ್ರೂ ಸಿನೆಮಾ ಹಾಕ್ತ್ರಾ?” ಎಂದ.

ನನ್ನನ್ನು ತೆಗೆದುಹಾಕಿಲ್ಲ. ತೂಕದ ಹತ್ತಿರ ನಿಲ್ಲಿಸಿದ್ದಾರೆ. ಐಸು ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ ತೂಗಬೇಕಂತೆ. ಈ ಉಪಾಯ ತಮಗೇ ಹೊಳೆಯಿತು ಎಂದು ಅಧ್ಯಕ್ಷರು ಎಲ್ಲರಿಗೂ ಹೇಳುತ್ತಿದ್ದಾರೆ.

ದುರ್ಗಕ್ಕ ಐಸು ಒಡೆಯಲು ಮರಳಿದ್ದಾಳೆ. ಪೆಟ್ಟಿಗೆಯ ಮುಂದೆ ನಾನು ನಿಂತಿದ್ದಾಗ ಮರದ ಕೊಡತಿ ಎತ್ತಿ, “ಅಡ್ಡ ನಿಲ್ಬೇಡಿ ನಾಯ್ಕ್ರೆ, ಚೂರು ಹಾರ್ತದೆ” ಎಂದಳು. ಅಷ್ಟೇ.

೨೯ ಡಿಸೆಂಬರ್, ಸೋಮವಾರ

ನಮ್ಮ ಸಂಘದ ಲಾರಿ ಮಂಗಳೂರು ಮುಟ್ಟಿತು. ಐಸು ಬಿಟ್ಟ ತೂಕ ಸರಿ ಬಂತಂತೆ. ಕಳ್ಳ ನೀರಾಗಿ ಹರಿದುಹೋದ.

೩ ಜನವರಿ ೧೯೮೭, ಶನಿವಾರ. ಕುಮಟಾ

ಸಂಜೆ ಶೆಡ್ಡಿನಿಂದ ಬಸ್ಸಿಗೆ ಹೊರಟಾಗ ನನ್ನ ಚೀಲದಲ್ಲಿ ಒಂದು ಟವೆಲು, ಒಗೆಯುವ ಅಂಗಿ, ಈ ದಿನಚರಿ. ಬೇರೇನೂ ಇರಲಿಲ್ಲ.

ಬಸ್ಸಿನಲ್ಲಿ ಕುಳಿತಾಗ ತೊಡೆಗೆ ತಣ್ಣಗೆ ತಾಗಿತು. ಬಾಳೆ ಎಲೆಯಲ್ಲಿ ಕಟ್ಟಿದ ಒಂದು ಹಿಡಿ ಬಂಗಡೆ. ಸುತ್ತ ಐಸು, ಹರಳುಪ್ಪಿನ ಹಾಗೆ ಸಣ್ಣಗೆ ಒಡೆದದ್ದು. ಕುಮಟೆ ಮುಟ್ಟುವವರೆಗೂ ಕರಗಲಿಲ್ಲ.

ಹೊನ್ನಮ್ಮ ಎಲೆ ಬಿಚ್ಚಿದಳು. ಯಾರು ಕೊಟ್ಟರು ಎಂದು ಅವಳು ಕೇಳಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.